ನಾಲಾದ ದಂಡೆಯ ನೀರಗಂಟಿಗಳು



ವಿಕಾರಾಬಾದಿನ ಪಕ್ಕದ ಅನಂತಗಿರಿ ಗುಡ್ಡವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಆ ಗುಡ್ಡದ ಮೇಲೆ ಬಿದ್ದ ಮಳೆಗೆ ಎರಡು ದಾರಿ. ಪಡುವಣಕ್ಕೆ ಇಳಿದ ನೀರು ಕಾಗಿಣೆಯಾಗಿ ತಾಂಡೂರಿನ ಕಡೆ ಹರಿದು, ಸೇಡಂ ಸೀಮೆಗೆ ಬಂದು, ನೃಪತುಂಗ ಆಳಿದ ಮಳಖೇಡದ ಕೋಟೆಯ ಬದಿಯಲ್ಲಿ ಹಾದು ಭೀಮೆಯನ್ನು ಸೇರುತ್ತದೆ. ಮೂಡಣಕ್ಕೆ ಇಳಿದ ನೀರು ಮೂಸಿಯಾಗಿ ಹೈದರಾಬಾದನ್ನು ಸೀಳಿಕೊಂಡು ಹೋಗುತ್ತದೆ. ಹೀಗೆ ಬೇರೆಯಾಗಿ ಹೊರಟ ನೀರು ಎಷ್ಟೋ ಊರು ಸುತ್ತಿ, ಕೊನೆಗೆ ನಲ್ಗೊಂಡದ ವಾಡಪಲ್ಲಿಯ ಹತ್ತಿರ ಕೃಷ್ಣೆಯ ಮಡಿಲಲ್ಲಿ ಮತ್ತೆ ಕೂಡುತ್ತದೆ. ನಾನು ಕಾಗಿಣೆಯ ದಂಡೆಯಲ್ಲಿ ಹುಟ್ಟಿ, ಮೂಸಿಯ ದಂಡೆಯ ಊರಿನಲ್ಲಿ ಬದುಕು ಕಟ್ಟಿಕೊಂಡವನು. ಎರಡು ನೀರಿನ ಋಣವೂ ನನ್ನ ಮೇಲಿದೆ. ಆ ಋಣದ ಮಾತನ್ನೇ ಇವತ್ತು ಆಡಬೇಕೆಂದಿದ್ದೇನೆ.

ಮೊದಲು ಒಂದು ಪದದ ವಿಚಾರ. ಮಂಡ್ಯದ ರೈತನಿಗೆ ನಾಲೆ ಎಂದರೆ ಅನ್ನ. ‘ನಾಲೆಗೆ ನೀರು ಬಿಟ್ಟರಂತೆ’ ಎಂಬ ಸುದ್ದಿ ಬಂದರೆ ಊರಿಗೆ ಊರೇ ಗದ್ದೆಗೆ ಇಳಿಯುತ್ತದೆ. ಅಲ್ಲಿನ ದೊಡ್ಡ ಕಾಲುವೆಗೆ ವಿಶ್ವೇಶ್ವರಯ್ಯ ನಾಲೆ ಎಂದೇ ಹೆಸರು. ಅದೇ ಪದ ಹೈದರಾಬಾದಿನಲ್ಲಿ ನಾಲಾ ಆಗಿದೆ. ಇಲ್ಲಿ ನಾಲಾ ಎಂದರೆ ಮೂಗು ಮುಚ್ಚಿಕೊಂಡು ದಾಟುವ ಜಾಗ. ‘ನಾಲಾ ಪಕ್ಕದ ಮನೆ’ ಎಂದರೆ ಬಾಡಿಗೆ ಇಳಿಯುತ್ತದೆ. ಒಂದೇ ಪದ ಒಂದು ಊರಲ್ಲಿ ಹಸಿರನ್ನು, ಇನ್ನೊಂದು ಊರಲ್ಲಿ ಹೇಸಿಗೆಯನ್ನು ನೆನಪಿಸುವ ಹಾಗೆ ಆದದ್ದು ಹೇಗೆ?

ಹೈದರಾಬಾದಿನ ನಾಲಾಗಳೂ ಹುಟ್ಟುವಾಗ ನಾಲೆಗಳೇ. ಬುಲ್ಕಾಪುರ ನಾಲಾವನ್ನೇ ನೋಡಿ. ಶಂಕರ್‌ಪಲ್ಲಿಯ ಹತ್ತಿರ ಬುಲ್ಕಾಪುರ ಎಂಬ ಹಳ್ಳಿ ಇದೆ. ಅಲ್ಲಿಂದ ಹುಸೇನ್ ಸಾಗರಕ್ಕೆ ಒಳ್ಳೆಯ ನೀರು ತರಲೆಂದು ಕುತುಬ್‌ಶಾಹಿಗಳ ಕಾಲದಲ್ಲಿ ತೋಡಿದ ಕಾಲುವೆ ಅದು. ಹುಸೇನ್ ಸಾಗರ ಕಟ್ಟಿದ್ದು 1562ರ ಸುಮಾರಿಗೆ, ಇಬ್ರಾಹಿಂ ಕುತುಬ್ ಶಾನ ಕಾಲದಲ್ಲಿ. ಊರಿನ ಬಾಯಾರಿಕೆಗೆಂದು ಮೈಲುಗಟ್ಟಲೆ ನೀರು ಹೊತ್ತು ತಂದ ಆ ಕಾಲುವೆ ಇಂದು ಮಣಿಕೊಂಡ, ಟೋಲಿಚೌಕಿಗಳ ನಡುವೆ ಮನೆಗಳ ಹಿತ್ತಿಲಲ್ಲಿ ಕಪ್ಪಾಗಿ ತೆವಳುತ್ತದೆ. ಕೂಕಟ್‌ಪಲ್ಲಿ ನಾಲಾದ ಗತಿ ಅದಕ್ಕಿಂತ ಕಷ್ಟ. ಇವುಗಳ ಪಕ್ಕದಲ್ಲಿ ಬೆಳೆದ ಮಕ್ಕಳಿಗೆ ಇದು ಒಂದು ಕಾಲಕ್ಕೆ ನೀರಾಗಿತ್ತು ಎಂದು ಹೇಳಿದರೆ ನಂಬಿಕೆ ಬರುವುದಿಲ್ಲ. ನಮ್ಮ ಬೆಂಗಳೂರಿನವರು ಇಂಥ ಕಾಲುವೆಗೆ ರಾಜಕಾಲುವೆ ಎಂದು ಘನತೆಯ ಹೆಸರಿಟ್ಟಿದ್ದಾರೆ. ಅಲ್ಲಿನ ರಾಜಕಾಲುವೆಗಳ ಪಾಡನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹೈದರಾಬಾದಿನ ನೀರಿನ ಕಥೆಯಲ್ಲಿ ಒಬ್ಬ ಕನ್ನಡಿಗನ ಹೆಸರು ಆಳವಾಗಿ ಕೂತಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿಗೆ ಬಂದ ಪ್ರವಾಹ ಸುಮಾರು 15,000 ಜನರನ್ನು ಬಲಿ ತೆಗೆದುಕೊಂಡಿತು ಎಂದು ದಾಖಲೆಗಳು ಹೇಳುತ್ತವೆ. ಅಫ್ಜಲ್‌ಗಂಜಿನಲ್ಲಿ ಇಂದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಒಂದು ಹುಣಸೆಮರವಿದೆ. ಅಂದು ನೂರೈವತ್ತು ಮಂದಿ ಆ ಮರದ ಕೊಂಬೆಗಳನ್ನು ಹಿಡಿದು ಜೀವ ಉಳಿಸಿಕೊಂಡರಂತೆ. ಪ್ರತಿವರ್ಷ ಆ ದಿನ ನಾಗರಿಕ ಸಂಘಟನೆಗಳವರು ಆ ಮರದ ಕೆಳಗೆ ಸೇರಿ ಸತ್ತವರನ್ನು ನೆನೆಯುತ್ತಾರೆ. ನಾನೂ ಒಂದೆರಡು ಸಲ ಹೋಗಿ ನಿಂತಿದ್ದೇನೆ. ಕಾಂಡದ ಮೇಲೆ ಕೈ ಇಟ್ಟಾಗ ಮಾತು ಹೊರಡುವುದಿಲ್ಲ.

ಆ ಪ್ರವಾಹದ ಮರುವರ್ಷ ಸರ್ ಎಂ. ವಿಶ್ವೇಶ್ವರಯ್ಯನವರು ಹೈದರಾಬಾದಿಗೆ ಬಂದರು. ಮುಂಬೈ ಸರ್ಕಾರದ ಸೇವೆ ಬಿಟ್ಟು ವಿದೇಶ ಪ್ರವಾಸದಲ್ಲಿದ್ದ ಅವರನ್ನು ನಿಜಾಮರ ಸರ್ಕಾರ ಕರೆಸಿಕೊಂಡಿತ್ತು. ಅವರು ಸೂಚಿಸಿದ ಎರಡು ದೊಡ್ಡ ಜಲಾಶಯಗಳನ್ನು ಎಲ್ಲರೂ ಬಲ್ಲರು. ಉಸ್ಮಾನ್ ಸಾಗರ 1920ರಲ್ಲಿ ಮುಗಿಯಿತು, ಹಿಮಾಯತ್ ಸಾಗರ 1927ರಲ್ಲಿ. ಆದರೆ ಅವರ ವರದಿಯಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಅಣೆಕಟ್ಟಿನ ಲೆಕ್ಕವಲ್ಲ, ಕೆರೆಗಳ ಲೆಕ್ಕ. ಊರಿನ ಮೇಲ್ಭಾಗದಲ್ಲಿ ಮೂಸಿಗೆ ನೀರು ಹರಿಸುವ 862 ಚದರ ಮೈಲಿ ನೆಲದಲ್ಲಿ 788 ಕೆರೆಗಳಿದ್ದವು. ಹೆಚ್ಚುಕಡಿಮೆ ಮೈಲಿಗೊಂದು ಕೆರೆ. ಆ ಮಳೆಯಲ್ಲಿ ಅವುಗಳಲ್ಲಿ 221 ಕೆರೆಗಳು ಒಡೆದವು.

ಒಂದು ಕೆರೆ ಒಡೆದರೆ ಅದರ ನೀರೆಲ್ಲ ಒಮ್ಮೆಗೇ ಕೆಳಗಿನ ಕೆರೆಗೆ ನುಗ್ಗುತ್ತದೆ. ಆ ಕೆರೆಯ ಏರಿ ತಡೆಯಲಾರದೆ ಕುಸಿಯುತ್ತದೆ. ಎರಡು ಕೆರೆಯ ನೀರು ಮೂರನೆಯದಕ್ಕೆ. ಕೆಳಗೆ ಬರುಬರುತ್ತಾ ಅದು ನೀರಾಗಿ ಉಳಿಯುವುದಿಲ್ಲ, ಗೋಡೆಯಾಗುತ್ತದೆ. ಮಳೆಯಷ್ಟೇ ಆಗಿದ್ದರೆ ಊರು ಇಷ್ಟು ನೋಯುತ್ತಿರಲಿಲ್ಲವೇನೋ. ಮೇಲೆ ಎಲ್ಲೋ ಒಂದು ಹಳ್ಳಿಯ ಹಳೆಯ ಏರಿಗೆ ಯಾರೂ ಮಣ್ಣು ಹಾಕದೆ ಬಿಟ್ಟದ್ದು, ಒಂದು ಕೋಡಿಯ ಕಲ್ಲು ಜರುಗಿದ್ದನ್ನು ಕಂಡೂ ಸುಮ್ಮನಿದ್ದದ್ದು, ಇಂಥವೆಲ್ಲ ಕೂಡಿ ಕೆಳಗೆ ಅಫ್ಜಲ್‌ಗಂಜಿನಲ್ಲಿ ಹೆಣಗಳಾದವು.

ಇಂಥದ್ದು ಆಗದಿರಲಿ ಎಂದೇ ನಮ್ಮ ಹಳ್ಳಿಗಳಲ್ಲಿ ನೀರಗಂಟಿ ಎಂಬವನು ಇದ್ದ. ನಿಮ್ಮ ಊರಲ್ಲೂ ಇದ್ದಿರಬೇಕು. ತೂಬು ಎತ್ತುವವನು ಅವನು, ಇಳಿಸುವವನು ಅವನು. ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂದು ಹೇಳುವವನೂ ಅವನೇ. ಮಳೆಗಾಲದ ರಾತ್ರಿ ಕಂದೀಲು ಹಿಡಿದು ಏರಿಯ ಉದ್ದಕ್ಕೂ ನಡೆದು, ಇಲಿಬಿಲದಲ್ಲಿ ನೀರು ಜಿನುಗುತ್ತಿದೆಯೇ ಎಂದು ನೋಡುತ್ತಿದ್ದ. ಜಿನುಗಿದರೆ ಊರನ್ನು ಎಬ್ಬಿಸುತ್ತಿದ್ದ. ತೆಲಂಗಾಣದಲ್ಲಿ ಅವನಿಗೆ ನೀರಟಿ ಎನ್ನುತ್ತಾರೆ. ನಮ್ಮ ತೂಬು ಅವರಿಗೆ ತೂಮು. ನಾವು ಕೆರೆ ಕೋಡಿ ಬಿತ್ತು ಎಂದರೆ ಅವರು ಮತ್ತಡಿ ದುಂಕಿತು ಎನ್ನುತ್ತಾರೆ. ದುಂಕುವುದು ಎಂದರೆ ಜಿಗಿಯುವುದು. ತುಂಬಿದ ಕೆರೆ ಸಂತೋಷಕ್ಕೆ ಜಿಗಿಯುತ್ತದೆ ಎಂಬ ಮಾತು. ಮಾತು ಬೇರೆಯಾದರೂ ನೀರಿನ ನಡೆಯನ್ನು ನೋಡಿದ ಕಣ್ಣು ಒಂದೇ.

ಊರು ನಗರವಾದಾಗ ಕೆರೆ ಹೋಯಿತು, ಹೊಲ ಹೋಯಿತು. ಎಲ್ಲಕ್ಕಿಂತ ಮೊದಲು ಹೋದದ್ದು ನೀರಗಂಟಿ. ಹೈದರಾಬಾದಿನ ಮಾಸಾಬ್ ಟ್ಯಾಂಕ್ ಎಂಬಲ್ಲಿ ಈಗ ಮೇಲ್ಸೇತುವೆ ಇದೆ, ಟ್ಯಾಂಕ್ ಇಲ್ಲ. ಅದು ‘ಮಾ ಸಾಹೇಬಾ ತಾಲಾಬ್’, ರಾಜಮಾತೆಯ ಹೆಸರಿನ ಕೆರೆ. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಧರ್ಮಾಂಬುಧಿ ಹೋದ ಹಾಗೆ ಇಲ್ಲಿ ಅದು ಹೋಯಿತು. ಕೆರೆ ಹೋದರೂ ನೀರು ತನ್ನ ದಾರಿಯನ್ನು ಮರೆಯುವುದಿಲ್ಲ. ಆದರೆ ಆ ದಾರಿಯನ್ನು ದಿನವೂ ನೋಡುವ ಒಬ್ಬ ಮನುಷ್ಯ ಇಲ್ಲವಾದ. ಮಹಾನಗರ ಪಾಲಿಕೆಗೆ ಎಂಜಿನಿಯರ್‌ಗಳಿದ್ದಾರೆ, ಗುತ್ತಿಗೆದಾರರಿದ್ದಾರೆ, ಮಳೆಗಾಲದ ಮುಂಚೆ ಹೂಳೆತ್ತುವ ಟೆಂಡರ್ ಇದೆ. ‘ನಿನ್ನೆಗಿಂತ ಇವತ್ತು ಈ ನೀರು ಯಾಕೋ ಬೇರೆ ಬಣ್ಣ’ ಎಂದು ಹೇಳುವವನು ಇಲ್ಲ.

ಆ ಖಾಲಿ ಜಾಗಕ್ಕೆ ಬಂದವರು ಸ್ವಯಂಸೇವಕರು. ಅವರ ಮಾತನ್ನೇ ನಾನು ಹೇಳಹೊರಟದ್ದು.

ನಮ್ಮ ಬಡಾವಣೆಯ ಹಿಂದೆ ಒಂದು ನಾಲಾ ಹರಿಯುತ್ತದೆ. ಅದು ಒಂದು ಸಣ್ಣ ಕೆರೆಗೆ ಸೇರುತ್ತದೆ, ಕೆರೆ ತುಂಬಿದರೆ ಮುಂದೆ ಮೂಸಿಯ ಕಡೆಗೆ. ಕೆಲವು ವರ್ಷಗಳಿಂದ ನಾವು ಇಪ್ಪತ್ತು ಮೂವತ್ತು ಜನ ಭಾನುವಾರ ಬೆಳಿಗ್ಗೆ ಅಲ್ಲಿ ಸೇರುತ್ತೇವೆ. ಸಾಫ್ಟ್‌ವೇರ್ ಕಂಪನಿಗಳ ಹುಡುಗರು, ನಿವೃತ್ತ ಗುಮಾಸ್ತರು, ಪಕ್ಕದ ಬಸ್ತಿಯ ಹೆಂಗಸರು, ಶಾಲೆಯ ಮಕ್ಕಳು. ತೆಲುಗು, ಉರ್ದು, ಕನ್ನಡ, ಮರಾಠಿ ಎಲ್ಲವೂ ಅಲ್ಲಿ ಕಲಸಿಹೋಗುತ್ತವೆ. ನಿಜಾಮರ ಕಾಲದ ಡೆಕ್ಕನ್ ರೇಡಿಯೋದಲ್ಲಿ ಈ ನಾಲ್ಕು ಭಾಷೆಗಳೂ ಕೇಳುತ್ತಿದ್ದವು ಎಂದು ನಮ್ಮ ಹಿರಿಯರು ನೆನೆಯುತ್ತಾರೆ. ಕಾಚಿಗುಡದ ಕನ್ನಡ ಶಾಲೆಯಲ್ಲಿ ಓದಿದ ಒಬ್ಬರು ನನ್ನ ಜೊತೆ ಗುದ್ದಲಿ ಹಿಡಿಯುತ್ತಾರೆ. ಕೆಲಸದ ನಡುವೆ ನಾವಿಬ್ಬರು ಕನ್ನಡದಲ್ಲಿ ಆಡುವ ಮಾತೇ ನನಗೆ ವಾರದ ಊರಿನ ಊಟ.

ಕೆರೆಯ ಬಾಯಲ್ಲಿ ಅಂತರಗಂಗೆ ಹಬ್ಬುತ್ತದೆ. ತೆಲುಗಿನವರು ಇದನ್ನು ಗುರ್ರಪು ಡೆಕ್ಕ, ಅಂದರೆ ಕುದುರೆಯ ಗೊರಸು ಎನ್ನುತ್ತಾರೆ. ಎಲೆಯ ಆಕಾರ ನೋಡಿದರೆ ಹೆಸರು ಸರಿ ಎನಿಸುತ್ತದೆ. ದಕ್ಷಿಣ ಅಮೆರಿಕದಿಂದ ಬಂದ ಗಿಡ. ನೇರಳೆ ಹೂವು ನೋಡಲು ಬಲು ಚೆಂದ. ಕೊಳಚೆಯ ಸಾರ ಸಿಕ್ಕಿದರೆ ಎರಡು ವಾರದಲ್ಲಿ ಎರಡರಷ್ಟಾಗುತ್ತದೆ. ಒಂದು ಗಿಡವನ್ನು ಎಳೆದು ಮೇಲಕ್ಕೆತ್ತಿದರೆ ಕೆಳಗೆ ಮೊಳದುದ್ದ ಕಪ್ಪು ಬೇರು, ಬಿಚ್ಚಿದ ಜಡೆಯ ಹಾಗೆ. ಅದರಿಂದ ನೀರು ಸೋರುತ್ತಲೇ ಇರುತ್ತದೆ. ಬೇರಿನ ಸಿಕ್ಕಿನಲ್ಲಿ ಸೊಳ್ಳೆಮರಿ, ಬಸವನಹುಳು, ಹಾಲಿನ ಪ್ಯಾಕೆಟ್ಟಿನ ಮೂಲೆ ಚೂರು, ಥರ್ಮೋಕೋಲಿನ ಕಾಳು. ಗಿಡದ ತೂಕದಲ್ಲಿ ಹೆಚ್ಚಿನದೆಲ್ಲ ನೀರೇ. ಹತ್ತು ಗಿಡ ಎಳೆಯುವಷ್ಟರಲ್ಲಿ ಬೆನ್ನು ಮಾತಾಡಲು ಶುರುಮಾಡುತ್ತದೆ. ಹಸಿರು ಸರಿದ ಜಾಗದಲ್ಲಿ ಅಂಗೈಯಗಲ ನೀರು ಕಾಣುತ್ತದೆ, ಅದರಲ್ಲಿ ಆಕಾಶ ಬೀಳುತ್ತದೆ. ಆ ಹೊತ್ತಿಗೆ ಎಲ್ಲರೂ ಒಂದು ಕ್ಷಣ ಕೈ ನಿಲ್ಲಿಸಿ ಅದನ್ನೇ ನೋಡುತ್ತಾರೆ. ಪ್ರತಿ ಸಲವೂ ಹಾಗೆಯೇ.

ಮೊದಲ ವರ್ಷ ನಮ್ಮಿಂದ ಒಂದು ತಪ್ಪಾಯಿತು. ಮೂರು ಭಾನುವಾರ ಕಿತ್ತ ಗಿಡವನ್ನೆಲ್ಲ ದಂಡೆಯ ಮೇಲೆ ರಾಶಿ ಹಾಕಿ, ಒಣಗಲಿ, ಆಮೇಲೆ ಸಾಗಿಸೋಣ ಎಂದು ಬಿಟ್ಟೆವು. ಜೂನ್ ತಿಂಗಳ ಮೊದಲ ಜೋರು ಮಳೆಗೆ ರಾಶಿಯಷ್ಟೂ ಜಾರಿ ನೀರಿಗೆ ಹೋಯಿತು. ಸತ್ತಿದೆ ಎಂದುಕೊಂಡ ಗಿಡ ಸತ್ತಿರಲಿಲ್ಲ. ತಿಂಗಳೊಳಗೆ ಮೊದಲಿಗಿಂತ ದಟ್ಟವಾಗಿ ಹಬ್ಬಿತು. ನನಗೆ ಅತ್ತುಬಿಡುವಷ್ಟು ಬೇಸರವಾಯಿತು. ಬಸ್ತಿಯ ಅಜ್ಜಿಯೊಬ್ಬರು ಬಂದು ನಿಂತು, ಕಿತ್ತದ್ದನ್ನು ಅವತ್ತೇ ದೂರ ಒಯ್ಯಬೇಕು, ಕಳೆಯನ್ನು ಹೊಲದ ಬದುವಿನ ಮೇಲೆ ಯಾರಾದರೂ ಬಿಡುತ್ತಾರೆಯೇ ಎಂದು ತೆಲುಗಿನಲ್ಲಿ ಕೇಳಿದರು. ಹೊಲ ಮಾಡಿದವರಿಗೆ ಗೊತ್ತಿದ್ದ ಸಂಗತಿ ನಮಗೆ ಗೊತ್ತಿರಲಿಲ್ಲ. ಅಂದಿನಿಂದ ಕಿತ್ತ ಗಿಡವನ್ನು ಅದೇ ದಿನ ಗೊಬ್ಬರದ ಗುಂಡಿಗೆ ಸಾಗಿಸುತ್ತೇವೆ. ಗಾಡಿ ಸಿಗದ ದಿನ ಕೀಳುವುದೇ ಇಲ್ಲ.

ಇನ್ನೊಂದು ನಿಯಮವೂ ಇದೆ, ಇದನ್ನು ಕೇಳುಗರು ಗಮನವಿಟ್ಟು ಕೇಳಬೇಕು. ಯಾರೂ ನಾಲಾದ ಒಳಗೆ ಇಳಿಯಬಾರದು. ಒಳಚರಂಡಿ ಕೂಡಿದ ನೀರು ಅದು. ಇಲಿಜ್ವರ ಬರುತ್ತದೆ, ಗಾಜು ಚುಚ್ಚುತ್ತದೆ, ಮುಚ್ಚಿದ ಕಡೆ ಅನಿಲ ತುಂಬಿರುತ್ತದೆ. ಚರಂಡಿಯೊಳಗೆ ಮನುಷ್ಯರನ್ನು ರಕ್ಷಣೆಯಿಲ್ಲದೆ ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಆದರೂ ಪೌರಕಾರ್ಮಿಕರು ಇಳಿದು ಸಾಯುವ ಸುದ್ದಿ ಇವತ್ತಿಗೂ ನಿಂತಿಲ್ಲ. ನಾವು ಉತ್ಸಾಹಕ್ಕೆಂದು ಇಳಿದು, ಫೋಟೋ ತೆಗೆಸಿಕೊಂಡರೆ, ಹೊಟ್ಟೆಪಾಡಿಗೆ ಇಳಿಯುವವರ ಕಷ್ಟವನ್ನು ಹಗುರ ಮಾಡಿದ ಹಾಗೆ. ದಂಡೆಯ ಮೇಲೆ ನಿಂತು ಉದ್ದ ಕೊಕ್ಕೆಯಿಂದ ಎಳೆಯುತ್ತೇವೆ. ಕೊಕ್ಕೆಗೆ ಸಿಗದ್ದಕ್ಕೆ ಪಾಲಿಕೆಯ ಯಂತ್ರ ಬರುವ ತನಕ ಫೋನು ಮಾಡುತ್ತಲೇ ಇರುತ್ತೇವೆ. ಫೋನು ಮಾಡುವುದೂ ಸೇವೆಯೇ. ಗುದ್ದಲಿ ಹಿಡಿಯಲಾರದ ವಯಸ್ಸಿನವರು ನಮ್ಮಲ್ಲಿ ಆ ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತಾರೆ.

ನಮಗೆ ಧೈರ್ಯ ಬಂದದ್ದು ನೆಕ್ನಾಂಪುರದ ಕೆರೆಯನ್ನು ನೋಡಿದ ಮೇಲೆ. ಮಣಿಕೊಂಡದ ಹತ್ತಿರ ಪೆದ್ದ ಚೆರುವು, ಚಿನ್ನ ಚೆರುವು ಎಂದು ಎರಡು ಕೆರೆಗಳಿವೆ. ಚಿನ್ನ ಎಂದರೆ ತೆಲುಗಿನಲ್ಲಿ ಸಣ್ಣದು. ಕನ್ನಡದ ಕಿವಿಗೆ ಅದು ಬಂಗಾರ ಎಂದೇ ಕೇಳುತ್ತದೆ, ನಾನು ಹಾಗೆಯೇ ಕೇಳಿಸಿಕೊಂಡೆ. ಆ ಸಣ್ಣ ಕೆರೆಯನ್ನು ಮಧುಲಿಕಾ ಚೌಧರಿ ಎಂಬವರು ಕಟ್ಟಿದ ಧ್ರುವಾಂಶ್ ಸಂಸ್ಥೆಯವರು ಸ್ವಯಂಸೇವಕರನ್ನು ಕೂಡಿಸಿಕೊಂಡು ಕೈಗೆತ್ತಿಕೊಂಡರು. 2018ರ ಫೆಬ್ರವರಿ 2, ವಿಶ್ವ ಜೌಗು ಪ್ರದೇಶ ದಿನದಂದು, ಅಲ್ಲಿ ಒಂದು ತೇಲುವ ದ್ವೀಪವನ್ನು ನೀರಿಗೆ ಬಿಟ್ಟರು. 3,000 ಚದರ ಅಡಿಯ ದ್ವೀಪ, ಅದರ ಮೇಲೆ 3,500 ಸಸಿ.

ಕಟ್ಟಿದ ಬಗೆ ಎಷ್ಟು ಸರಳ ನೋಡಿ. ತಳದಲ್ಲಿ ಬಿದಿರು. ಅದರ ಮೇಲೆ ತೇಲಲೆಂದು ಥರ್ಮೋಕೋಲಿನ ತುಂಡುಗಳು. ಮೇಲೆ ಗೋಣಿತಟ್ಟು, ಅದರ ಮೇಲೆ ಜಲ್ಲಿ. ಮಣ್ಣೇ ಇಲ್ಲ. ಲಾವಂಚ, ಕಾಬಾಳೆ, ಆಪು, ದಾಸವಾಳ, ತುಳಸಿ, ಅಶ್ವಗಂಧ ಇಂಥ ಗಿಡಗಳನ್ನು ಅದರಲ್ಲಿ ಊರಿದರು. ಬೇರು ಜಲ್ಲಿಯನ್ನೂ ಗೋಣಿಯನ್ನೂ ತೂರಿಕೊಂಡು ನೀರಿನೊಳಕ್ಕೆ ಇಳಿದು ತೂಗಾಡುತ್ತದೆ. ಆ ಬೇರಿನ ಮೈಗೆ ಕಣ್ಣಿಗೆ ಕಾಣದ ಜೀವಿಗಳು ಲೋಳೆಯಾಗಿ ಅಂಟಿಕೊಂಡು ನೀರಿನ ಕೊಳೆಯನ್ನು ತಿನ್ನುತ್ತವೆ. ನೈಟ್ರೇಟ್, ಫಾಸ್ಫೇಟುಗಳನ್ನು ಗಿಡ ಹೀರಿ ಎಲೆ, ಕಾಂಡ ಮಾಡಿಕೊಳ್ಳುತ್ತದೆ. ಹಳ್ಳಿಯಲ್ಲಿ ಬಚ್ಚಲ ನೀರು ಹೋಗುವ ಕಡೆ ಕೆಸು, ಬಾಳೆ, ಕಾಬಾಳೆ ನೆಡುತ್ತಿದ್ದರಲ್ಲ, ಅದೇ ತಿಳಿವು. ನಮ್ಮ ಅಜ್ಜಿಯಂದಿರು ಹಿತ್ತಿಲಲ್ಲಿ ಮಾಡಿದ್ದನ್ನು ಇಲ್ಲಿ ಕೆರೆಯ ಮೇಲೆ ತೇಲಿಬಿಟ್ಟಿದ್ದಾರೆ. ವ್ಯತ್ಯಾಸ ಒಂದೇ: ಬೆಳೆದ ಗಿಡವನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಹಾಕದಿದ್ದರೆ ಅದು ಅಲ್ಲೇ ಕೊಳೆತು, ಹೀರಿದ್ದನ್ನೆಲ್ಲ ಮತ್ತೆ ನೀರಿಗೇ ಬಿಡುತ್ತದೆ. ದ್ವೀಪ ಕಟ್ಟುವುದು ಒಂದು ದಿನದ ಹಬ್ಬ. ಕೊಯ್ಯುವುದು ವರ್ಷವಿಡೀ ಇರುವ ಕೆಲಸ.

ಇಲ್ಲಿಯೇ ಎಷ್ಟೋ ಒಳ್ಳೆಯ ಪ್ರಯತ್ನಗಳು ಮುಗ್ಗರಿಸುವುದನ್ನು ನಾನು ಕಂಡಿದ್ದೇನೆ. ಪರಿಸರ ದಿನಕ್ಕೆ ಐನೂರು ಜನ ಬರುತ್ತಾರೆ. ಟೀ ಶರ್ಟು, ಟೋಪಿ, ಬ್ಯಾನರು. ಮಧ್ಯಾಹ್ನದ ಹೊತ್ತಿಗೆ ದಂಡೆ ಫಳಫಳ. ಮುಂದಿನ ಭಾನುವಾರ ಆರು ಜನ. ಆದರೆ ನಾಲಾಕ್ಕೆ ಬೇಕಾದದ್ದು ಆ ಆರು ಜನ. ಹನಿಗೂಡಿದರೆ ಹಳ್ಳ ಎನ್ನುತ್ತೇವೆ. ಕಸದ ಮಟ್ಟಿಗೂ ಆ ಮಾತು ನಿಜ. ಅದು ದಿನವೂ ಚೂರುಚೂರಾಗಿ ಬರುತ್ತದೆ, ಆದ್ದರಿಂದ ನೋಡುವವರೂ ದಿನವೂ ಇರಬೇಕು.

ಸ್ವಯಂಸೇವಕರಿಂದ ಏನು ಆಗುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಒಳಚರಂಡಿಯ ನೀರನ್ನು ನಾವು ಕೊಕ್ಕೆಯಿಂದ ತಡೆಯಲಾರೆವು. ಅದಕ್ಕೆ ಕೊಳವೆ ಬೇಕು, ಶುದ್ಧೀಕರಣ ಘಟಕ ಬೇಕು, ಕೋಟಿಗಟ್ಟಲೆ ಹಣ ಬೇಕು. ಹೈದರಾಬಾದಿನಲ್ಲಿ 31 ಹೊಸ ಘಟಕಗಳ ಯೋಜನೆಗೆ ಸರ್ಕಾರ 3,866 ಕೋಟಿ ರೂಪಾಯಿ ಮಂಜೂರು ಮಾಡಿದ್ದು ಅದಕ್ಕಾಗಿಯೇ. ‘ನಿಮ್ಮ ಕೆರೆಯನ್ನು ನೀವೇ ನೋಡಿಕೊಳ್ಳಿ’ ಎಂದು ಹೇಳಿ ಆಡಳಿತ ಕೈ ತೊಳೆದುಕೊಳ್ಳುವುದಾದರೆ ಅಂಥ ಜನಸಹಭಾಗಿತ್ವ ನನಗೆ ಬೇಡ. ಆದರೆ ಘಟಕ ಕಟ್ಟಿದ ಮೇಲೂ ಯಾರೋ ಒಬ್ಬ ರಾತ್ರಿಯ ಹೊತ್ತು ಟ್ಯಾಂಕರ್ ತಂದು ಹೊಲಸನ್ನು ನಾಲಾಕ್ಕೆ ಸುರಿಯುತ್ತಾನೆ. ಇನ್ನೊಬ್ಬ ಹಳೆ ಮನೆ ಕೆಡವಿದ ಕಲ್ಲುಮಣ್ಣನ್ನು ದಂಡೆಗೆ ತಂದು ಹಾಕುತ್ತಾನೆ. ಇವತ್ತು ಒಂದು ಲಾರಿ, ನಾಳೆ ಎರಡು, ವರ್ಷಕ್ಕೆ ನಾಲಾ ಒಂದು ಗಜ ಕಿರಿದು, ಆಮೇಲೆ ಅದರ ಮೇಲೆ ಶೆಡ್ಡು. ಇದನ್ನು ಯಾವ ಯಂತ್ರವೂ ಕಾಣುವುದಿಲ್ಲ, ಪಕ್ಕದ ಮನೆಯವರು ಕಾಣುತ್ತಾರೆ. ಕೆರೆ ತುಂಬಿದಾಗ ನೀರು ಎಲ್ಲಿಯವರೆಗೆ ನಿಲ್ಲುತ್ತದೋ ಆ ಗೆರೆಗೆ ಇಲ್ಲಿ ಎಫ್‌ಟಿಎಲ್ ಎನ್ನುತ್ತಾರೆ. ಈಗ ನಮ್ಮ ಬಸ್ತಿಯ ಹೆಂಗಸರ ಬಾಯಲ್ಲೂ ಆ ಪದ ಸಲೀಸಾಗಿ ಬರುತ್ತದೆ. ಗೆರೆ ಎಲ್ಲಿದೆ ಎಂದು ತೋರಿಸುತ್ತಾರೆ. ಕಡತದಲ್ಲಿದ್ದ ಗೆರೆ ಜನರ ನಾಲಿಗೆಗೆ ಬಂದದ್ದೇ ನಮ್ಮ ದೊಡ್ಡ ಗೆಲುವು ಎಂದು ನಾನು ತಿಳಿದಿದ್ದೇನೆ.

2020ರ ಅಕ್ಟೋಬರ್ 13ರ ರಾತ್ರಿಯನ್ನು ಹೈದರಾಬಾದಿನಲ್ಲಿದ್ದ ಯಾರೂ ಮರೆಯಲಾರರು. ಬೇಗಂಪೇಟೆಯಲ್ಲಿ ಇಪ್ಪತ್ತನಾಲ್ಕು ಗಂಟೆಯಲ್ಲಿ 19 ಸೆಂಟಿಮೀಟರ್ ಮಳೆ. ಊರ ಹೊರಗೆ ಕೆಲವು ಕಡೆ 30ನ್ನೂ ದಾಟಿತ್ತು. ತೆಂಕಣ ಭಾಗದಲ್ಲಿ ಪಲ್ಲೆ ಚೆರುವು ಒಡೆಯಿತು. ಮೂರ್ನಾಲ್ಕು ದಿನ ಬಿಟ್ಟು ಬಾಲಾಪುರದ ಗುರ್ರಂ ಚೆರುವು ಒಡೆಯಿತು. ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬ ಗಾದೆ ಅಂದು ಮನೆಮನೆಯಲ್ಲಿ ನಿಜವಾಯಿತು. ಅಲ್ಲಿನ ಬಡಾವಣೆಗಳಲ್ಲಿ ವಾರಗಟ್ಟಲೆ ನೀರು ನಿಂತಿತ್ತು. ವಿಶ್ವೇಶ್ವರಯ್ಯನವರು 1909ರಲ್ಲಿ ಬರೆದದ್ದೂ ಇದನ್ನೇ. ಮೇಲಿನ ಏರಿ, ಕೆಳಗಿನ ಮನೆ. 2020ರ ಪ್ರವಾಹದ ಮರುವರ್ಷ ಸರ್ಕಾರ ನಾಲಾಗಳನ್ನು ಅಗಲಿಸಿ ಕಟ್ಟುವ ಕಾರ್ಯಕ್ರಮವನ್ನೇ ಶುರುಮಾಡಿತು. ಒಳ್ಳೆಯದೇ. ಆದರೆ ಎರಡೂ ಬದಿಗೆ ಕಾಂಕ್ರೀಟಿನ ಗೋಡೆ ಎಬ್ಬಿಸಿ, ತಳಕ್ಕೂ ಕಾಂಕ್ರೀಟು ಹಾಕಿಬಿಟ್ಟರೆ ನೀರು ಬೇಗ ಓಡುತ್ತದೆ, ನೆಲಕ್ಕೆ ಇಂಗುವುದಿಲ್ಲ. ಕಪ್ಪೆ, ಮೀನು, ಕೊಕ್ಕರೆಗೆ ಅಲ್ಲಿ ಜಾಗವಿಲ್ಲ. ದಕ್ಷಿಣ ಕೊರಿಯಾದ ಸೋಲ್ ನಗರದವರು ಚಿಯೊಂಗ್‌ಗ್ಯೆಚಿಯೊನ್ ಎಂಬ ತೊರೆಯನ್ನು ಮೇಲ್ಸೇತುವೆ ಕೆಡವಿ 2005ರಲ್ಲಿ ಬೆಳಕಿಗೆ ತಂದರು, ಜಗತ್ತು ಹೋಗಿ ನೋಡಿತು. ಆದರೆ ಅದರಲ್ಲಿ ಹರಿಯುವ ನೀರಿನ ಬಹುಪಾಲನ್ನು ನದಿಯಿಂದ ಪಂಪು ಮಾಡಿ ತರುತ್ತಾರೆ. ನಮ್ಮ ನಾಲಾಗಳಿಗೆ ಇನ್ನೂ ತಮ್ಮದೇ ಮಳೆನೀರಿದೆ. ಅದು ನೆಲಕ್ಕೆ ಇಳಿಯಲು ಮಣ್ಣಿನ ದಂಡೆ, ಹುಲ್ಲು, ಹೊಂಗೆಮರ ಉಳಿಯಲಿ ಎಂಬುದು ನಮ್ಮ ಬೇಡಿಕೆ. ಈ ಮಾತನ್ನು ಪ್ರತಿ ಸಭೆಯಲ್ಲೂ ಹೇಳುತ್ತಿದ್ದೇವೆ, ಇನ್ನೂ ಪೂರ್ತಿ ಕೇಳಿಸಿಲ್ಲ.

ಆದರೂ ಗೆದ್ದ ಕಥೆಗಳೂ ಇವೆ. ಸಿಕಂದರಾಬಾದಿನ ಬನ್ಸಿಲಾಲ್‌ಪೇಟೆಯ ಮೆಟ್ಟಿಲುಬಾವಿಯ ಕಥೆ ಹಲವರು ಕೇಳಿರಬಹುದು. ದಶಕಗಳ ಕಾಲ ಕಸ ತುಂಬಿ ಬಾವಿ ಇದೆ ಎಂಬುದೇ ಮರೆತುಹೋಗಿತ್ತು. ವಾಸ್ತುಶಿಲ್ಪಿ ಕಲ್ಪನಾ ರಮೇಶ್ ಅವರ ಬಳಗ, ಪಾಲಿಕೆ, ನೆರೆಯವರು ಕೂಡಿ ಸುಮಾರು 2,000 ಟನ್ ಕಸ ತೆಗೆದರು. 53 ಅಡಿ ಆಳದಲ್ಲಿ ತಿಳಿನೀರು ಎದ್ದಿತು. 2022ರ ಡಿಸೆಂಬರ್‌ನಲ್ಲಿ ಜನರಿಗೆ ತೆರೆದರು. ಅಂಬರ್‌ಪೇಟೆಯ ಬತುಕಮ್ಮ ಕುಂಟೆಯದೂ ಇಂಥದ್ದೇ ಸಂಗತಿ. ಮುಚ್ಚಿಹೋಗಿದ್ದ ಆ ಕುಂಟೆಯಲ್ಲಿ 2025ರ ಆರಂಭದಲ್ಲಿ ಸರ್ಕಾರದ ಹೈಡ್ರಾ ಸಂಸ್ಥೆಯವರು ಅಗೆದಾಗ ಕೆಲವೇ ಅಡಿಗೆ ನೀರು ಬಂತು. ಆ ವರ್ಷದ ಸೆಪ್ಟೆಂಬರ್ ಕೊನೆಗೆ ಬತುಕಮ್ಮ ಹಬ್ಬದ ಹೊತ್ತಿಗೆ ಹೆಂಗಸರು ತಂಗಡಿ ಹೂವಿನ ಗೋಪುರಗಳನ್ನು ಅದೇ ನೀರಿಗೆ ತಂದರು. ಹೂವಿನ ದೇವಿಯನ್ನು ಕಳಿಸಲು ಕೆರೆ ಇಲ್ಲದ ಊರಲ್ಲಿ ಆ ಹಬ್ಬಕ್ಕೆ ಅರ್ಥವೇ ಇಲ್ಲ. ನಮ್ಮ ಕಡೆ ತುಂಬಿದ ಕೆರೆಗೆ ಬಾಗಿನ ಕೊಡುವುದನ್ನು ಕಂಡವರಿಗೆ ಇದು ಥಟ್ಟನೆ ತಿಳಿಯುತ್ತದೆ.

ಕನ್ನಡ ನಾಡಿನಿಂದ ಈ ಊರು ಕಲಿಯುವುದೂ ಇದೆ. ಬೆಂಗಳೂರಿನ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ನೆರೆಹೊರೆಯವರು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು, ಮರುವರ್ಷ ಪಾಲಿಕೆಯೊಂದಿಗೆ ಒಪ್ಪಂದಕ್ಕೆ ಸಹಿ ಮಾಡಿ ಕೆರೆಯ ಉಸ್ತುವಾರಿ ಹೊತ್ತರು. ಕೊಪ್ಪಳದ ಕಡೆಯವರಾದ ಆನಂದ್ ಮಲ್ಲಿಗವಾಡ್ 2017ರಲ್ಲಿ ಆನೇಕಲ್ಲಿನ ಕ್ಯಾಲಸನಹಳ್ಳಿಯ 36 ಎಕರೆ ಕೆರೆಯಿಂದ ಕೆರೆಗಳಿಗೆ ಮರುಜೀವ ಕೊಡುವ ಕೆಲಸ ಶುರುಮಾಡಿದರು. ಹೈದರಾಬಾದಿನ ಅಧಿಕಾರಿಗಳು ಬೆಂಗಳೂರಿಗೆ ಹೋಗಿ ಅವರ ಕೆಲಸ ನೋಡಿ ಬಂದಿದ್ದಾರೆ. ನೂರು ವರ್ಷದ ಹಿಂದೆ ಒಬ್ಬ ಕನ್ನಡಿಗ ಎಂಜಿನಿಯರ್ ಈ ಊರಿನ ಕೆರೆಗಳನ್ನು ಎಣಿಸಿ ಹೋದದ್ದು ಆಗೆಲ್ಲ ನನಗೆ ನೆನಪಾಗುತ್ತದೆ.

ನಮ್ಮ ಗುಂಪಿನಲ್ಲಿ ಒಂದು ನೋಟ್‌ಬುಕ್ ಇದೆ. ಇನ್ನೂರು ಪುಟದ, ಅಂಗಡಿಯಲ್ಲಿ ಸಿಗುವ ಸಾದಾ ನೋಟ್‌ಬುಕ್. ನಾಲಾದ ಮೋರಿಯ ಕಂಬದ ಮೇಲೆ ಕೆಂಪು ಬಣ್ಣದಲ್ಲಿ ಐದು ಗೆರೆ ಎಳೆದಿದ್ದೇವೆ. ದಿನವೂ ಬೆಳಿಗ್ಗೆ ಒಬ್ಬರು ಹೋಗಿ ನೀರು ಯಾವ ಗೆರೆಯಲ್ಲಿದೆ, ಬಣ್ಣ ಹೇಗಿದೆ, ವಾಸನೆ ಇದೆಯೇ, ನೀರಿಗೆ ಅಡ್ಡವಿರುವ ಜಾಲರಿಗೆ ಏನು ಸಿಕ್ಕಿದೆ ಎಂದು ಬರೆಯಬೇಕು. ಸರದಿ ಹಾಕಿಕೊಂಡಿದ್ದೇವೆ. ಆಯಾ ದಿನದವರು ತಮ್ಮ ಭಾಷೆಯಲ್ಲಿ ಬರೆಯುತ್ತಾರೆ. ಪುಟ ತಿರುವಿದರೆ ಉರ್ದು ಬಲದಿಂದ ಬರುತ್ತದೆ, ತೆಲುಗು ಎಡದಿಂದ, ನಡುವೆ ಎಲ್ಲೋ ನನ್ನ ಕನ್ನಡ. ತೆಲುಗು ಓದುವವರಿಗೆ ನನ್ನ ಲಿಪಿ ಅರ್ಧಕ್ಕರ್ಧ ತಿಳಿಯುತ್ತದೆ, ಉಳಿದದ್ದನ್ನು ಕೇಳಿಕೊಳ್ಳುತ್ತಾರೆ.

ಕಳೆದ ಮಳೆಗಾಲದ ಒಂದು ಪುಟ ನನ್ನ ಕಣ್ಣಮುಂದಿದೆ. ಹಿಂದಿನ ರಾತ್ರಿ ಜೋರು ಮಳೆ. ಅಂದಿನ ಸರದಿ ಏಳನೆಯ ತರಗತಿಯ ಹುಡುಗಿಯದು. ಅಪ್ಪನನ್ನು ಎಬ್ಬಿಸಿಕೊಂಡು ಕೊಡೆ ಹಿಡಿದು ಐದೂವರೆಗೇ ಹೋಗಿದ್ದಳು. ಪೆನ್ನಿನ ಶಾಯಿ ಹನಿ ಬಿದ್ದು ಹರಡಿದೆ. ದುಂಡಗಿನ ತೆಲುಗು ಅಕ್ಷರದಲ್ಲಿ ನಾಲ್ಕೇ ಸಾಲು: ನೀರು ನಾಲ್ಕನೆಯ ಗೆರೆ. ಬಣ್ಣ ಕೆಂಪುಮಣ್ಣು. ಜಾಲರಿಯಲ್ಲಿ ಒಂದು ಚಪ್ಪಲಿ, ಒಂದು ತೆಂಗಿನ ಗರಿ, ತೆಗೆದೆವು. ಒಂದು ಕೊಕ್ಕರೆ ಇತ್ತು, ನಾವು ಹೋದರೂ ಹಾರಲಿಲ್ಲ.